ಸ್ಟೇಜ್ ಬಿಟ್ಟು ಟಿವಿಗೆ ಬರೆದರೆ ಸೋತ ಹಾಗಾ?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಮೂರು ವರ್ಷದಿಂದ ಕನ್ನಡದಲ್ಲಿ ಸ್ಟ್ಯಾಂಡ್-ಅಪ್ ಮಾಡುತ್ತಿದ್ದೇನೆ. ಹಗಲು ಆಫೀಸು, ಸಂಜೆ ಓಪನ್ ಮೈಕ್. ಬರವಣಿಗೆ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ನಾನು ಹೇಳಿದರೆ ಜನ ಅಷ್ಟಾಗಿ ನಗುವುದಿಲ್ಲ. ಅದೇ ಜೋಕನ್ನ ನನ್ನ ಗೆಳೆಯ ಹೇಳಿದರೆ ನಗುತ್ತಾರೆ. ಈಗ ಟಿವಿಗೆ ಬರೆಯುವ ಒಂದು ಅವಕಾಶ ಬಂದಿದೆ. ಹೋದರೆ ಸ್ಟೇಜ್ ಮೇಲೆ ಸೋತು ಓಡಿಹೋದ ಹಾಗೆ ಆಗುತ್ತಾ? ಅಮೆರಿಕದಲ್ಲಿ 'ಸೈನ್‌ಫೆಲ್ಡ್' ಅನ್ನುವ ಟಿವಿ ಕಾಮಿಡಿ ಬರೆದ ಲ್ಯಾರಿ ಡೇವಿಡ್ ಕೂಡ ಹೀಗೇ ಹೋದವರು ಅಂತ ಕೇಳಿದ್ದೇನೆ. ಅವರು ಹೇಗೆ ದಾಟಿದರು? ನನಗೆ ಈಗ 34, ತಡ ಆಯಿತಾ?

ಉತ್ತರ: ನಿಮ್ಮ ಪ್ರಶ್ನೆಯ ಮಧ್ಯದಲ್ಲಿ ಒಂದು ಸಾಲಿದೆ ನೋಡಿ, ಅದೇ ಜೋಕನ್ನ ಗೆಳೆಯ ಹೇಳಿದರೆ ನಗುತ್ತಾರೆ ಅಂತ. ಅದನ್ನ ನೀವು ಬೇಜಾರಿನಲ್ಲಿ ಬರೆದಿದ್ದೀರಿ ಅನ್ನಿಸುತ್ತೆ. ನನಗೆ ಮಾತ್ರ ಇಡೀ ಪ್ರಶ್ನೆಯಲ್ಲಿ ಒಳ್ಳೆ ಸುದ್ದಿ ಅಂತ ಕಂಡಿದ್ದು ಅದೊಂದೇ. ಬರೆದದ್ದೇ ಸಪ್ಪೆ ಇದ್ದಿದ್ದರೆ ಯಾರು ಹೇಳಿದರೂ ಜನ ನಗುತ್ತಿರಲಿಲ್ಲ. ನಿಮ್ಮ ಮಾಲು ಚೆನ್ನಾಗಿದೆ, ಇಟ್ಟಿರುವ ಅಂಗಡಿ ಸರಿ ಇಲ್ಲ ಅಷ್ಟೇ. ಲ್ಯಾರಿ ಡೇವಿಡ್ ಅವರ ಕಥೆಯನ್ನೂ ನಾನು ಹೀಗೇ ನೋಡುವುದು. ಅದೇ ಮಾಲು, ಮೂರು ಅಂಗಡಿ. ಮೊದಲನೆಯದು ಸ್ಟೇಜ್, ಅಲ್ಲಿ ವ್ಯಾಪಾರವೇ ಆಗಲಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಮೈಕ್ ಹಿಡಿದು ಸ್ಟೇಜ್ ಹತ್ತಿದವಳಲ್ಲ. ಹದಿನೆಂಟು ವರ್ಷದಿಂದ ಧಾರಾವಾಹಿಗಳಿಗೆ, ನಡುನಡುವೆ ಕಾಮಿಡಿ ಶೋಗಳಿಗೆ ಸಂಭಾಷಣೆ ಬರೆಯುವವಳು. ಹಾಗಾಗಿ ಸ್ಟೇಜ್ ಬಗ್ಗೆ ನಾನು ಹೇಳುವುದನ್ನ ಸ್ವಲ್ಪ ಉಪ್ಪು ಹುಳಿ ನೋಡಿಕೊಂಡೇ ತಗೊಳ್ಳಿ. ಟಿವಿ ಬಗ್ಗೆ ಹೇಳುವುದನ್ನ ಧೈರ್ಯವಾಗಿ ನಂಬಬಹುದು.

ಲ್ಯಾರಿ ಹುಟ್ಟಿದ್ದು 1947ರ ಜುಲೈ 2ಕ್ಕೆ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಬೆಳೆದದ್ದು ಶೀಪ್ಸ್‌ಹೆಡ್ ಬೇ ಅನ್ನುವ ಏರಿಯಾದ ಯಹೂದಿ ಮನೆಯಲ್ಲಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದರು. ಓದಿ ಮುಗಿಸಿ ಮಾಡಿದ್ದು ಏನು ಗೊತ್ತಾ? ಬ್ರಾ ಮಾರಿದರು, ಕಾರ್ ಓಡಿಸಿದರು, ಟಿವಿ ರಿಪೇರಿ ಮಾಡಿದರು. ಈ ಬ್ರಾ ಮಾರಿದ್ದು ಮುಂದೆ ಅವರ ಶೋನಲ್ಲಿ ಒಂದು ಪಾತ್ರ ಬ್ರಾ ಸೇಲ್ಸ್‌ಮನ್ ಕೆಲಸಕ್ಕೆ ಹೋಗುವ ಕಥೆಯಾಗಿ ಬಂತು. ಈ ಮನುಷ್ಯ ಬದುಕಿನಲ್ಲಿ ಯಾವುದನ್ನೂ ಬಿಸಾಕಿದವರಲ್ಲ, ಹಳೇ ಪೇಪರ್ ಕಟ್ಟಿ ಅಟ್ಟದ ಮೇಲಿಡುವ ಅಜ್ಜಿಯರ ಥರ.

ಎಪ್ಪತ್ತರ ದಶಕದ ಮಧ್ಯದಲ್ಲಿ ಸ್ಟೇಜ್ ಹತ್ತಿದರು. ಹತ್ತಿದ್ದೇನೋ ಹೌದು, ಕೆಲವು ರಾತ್ರಿ ಹತ್ತಿದಷ್ಟೇ ಬೇಗ ಇಳಿದೂ ಬಿಟ್ಟರು. ಜೊತೆಯವರು ಇವತ್ತಿಗೂ ಹೇಳುವ ಒಂದು ಘಟನೆ ಇದೆ. ಒಂದು ರಾತ್ರಿ ಹೆಸರು ಕರೆದರು, ಲ್ಯಾರಿ ಬಂದು ಮೈಕ್ ಮುಂದೆ ನಿಂತರು, ಕೂತಿದ್ದ ಜನರ ಮುಖವನ್ನ ಆ ಕಡೆಯಿಂದ ಈ ಕಡೆಗೆ ಒಂದು ಸಲ ನಿಧಾನವಾಗಿ ನೋಡಿದರು, 'ಬಿಡಿ, ಬೇಡ' ಅಂದು ಇಳಿದು ಹೊರಟೇ ಹೋದರು. ಒಂದು ಜೋಕೂ ಹೇಳಲಿಲ್ಲ. ಹೇಳುವಾಗ ಯಾರಾದರೂ ಪಕ್ಕದವರ ಜೊತೆ ಮಾತಾಡಿದರೆ ಜಗಳಕ್ಕೆ ನಿಲ್ಲುತ್ತಿದ್ದರು. ದುಡ್ಡು ಕೊಟ್ಟು ಬಂದು, ಬಿಯರ್ ಇಟ್ಟುಕೊಂಡು ಕೂತ ಜನಕ್ಕೆ ಇದು ಯಾಕೆ ಬೇಕು ಹೇಳಿ? ಅವರು ನಗಲಿಲ್ಲ. ಆದರೆ ಹಿಂದೆ ಗೋಡೆಗೆ ಒರಗಿ ನಿಂತಿರುತ್ತಿದ್ದ ಬೇರೆ ಕಾಮಿಡಿಯನ್‌ಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಗುಂಪಿನಲ್ಲಿ ನಿಂತವರಲ್ಲಿ ಮುಂದೆ ಲ್ಯಾರಿ ಜೊತೆ ಸೇರಿ ತಮ್ಮದೇ ಹೆಸರಿನ ಶೋ ಮಾಡಿದ ಜೆರ್ರಿ ಸೈನ್‌ಫೆಲ್ಡ್ ಕೂಡ ಒಬ್ಬರು.

ನಮ್ಮ ಹಾಸ್ಯ ಸಂಜೆಗಳಲ್ಲೂ ಇಂಥವರು ಇರುತ್ತಾರೆ, ಗಮನಿಸಿದ್ದೀರಾ? ಮುಂದಿನ ಸಾಲಿನಲ್ಲಿ ಕೂತವರು ಕೈಗಡಿಯಾರ ನೋಡುತ್ತಿರುತ್ತಾರೆ, ಸೈಡ್ ವಿಂಗ್‌ನಲ್ಲಿ ನಿಂತ ಉಳಿದ ಭಾಷಣಕಾರರು ಬಾಯಿ ಮುಚ್ಚಿಕೊಂಡು ನಗುತ್ತಿರುತ್ತಾರೆ. ಸ್ಟೇಜ್ ಮೇಲೆ ನಿಂತವನನ್ನ ಜನ ಮೊದಲು ಇಷ್ಟಪಡಬೇಕು, ಆಮೇಲೆ ಅವನ ಮಾತು. ಲ್ಯಾರಿ ಹೇಳುತ್ತಿದ್ದದ್ದು ಸಣ್ಣ ಸಣ್ಣ ಕೊಂಕು, ಜಿಪುಣತನ, ಸಿಡುಕು, ಯಾರೂ ಬಾಯಿ ಬಿಟ್ಟು ಒಪ್ಪಿಕೊಳ್ಳದ ಸ್ವಾರ್ಥ. ಅದನ್ನ ಒಬ್ಬ ಸಿಡುಕು ಮುಖದವನು ಮೈಕ್ ಹಿಡಿದು ನೇರವಾಗಿ ನಿಮ್ಮ ಮುಖಕ್ಕೇ ಹೇಳಿದರೆ ಅದು ದೂರು ಆಗುತ್ತೆ. ಅದೇ ಮಾತನ್ನ ಒಬ್ಬ ಕುಳ್ಳ ಬೊಕ್ಕತಲೆಯವನು, ತನ್ನ ಗೆಳೆಯನ ಹತ್ತಿರ, ಹೋಟೆಲ್ ಟೇಬಲ್ಲಿಗೆ ಬಾಗಿ ಹೇಳಿದರೆ, ನಾವು ಪಕ್ಕದ ಟೇಬಲ್ಲಿನಿಂದ ಕದ್ದು ಕೇಳಿಸಿಕೊಂಡ ಹಾಗೆ ಆಗುತ್ತೆ. ಕದ್ದು ಕೇಳಿದ್ದಕ್ಕೆ ರುಚಿ ಜಾಸ್ತಿ ಅಲ್ವಾ.

ಅಲ್ಲಿಗೆ ಬರಲು ಅವರಿಗೆ ಹದಿನೈದು ವರ್ಷ ಹಿಡಿಯಿತು, ದಾರಿಯೂ ನೇರ ಇರಲಿಲ್ಲ. 1980ರಿಂದ 82ರವರೆಗೆ ಎಬಿಸಿ ಚಾನೆಲ್ಲಿನ 'ಫ್ರೈಡೇಸ್' ಅನ್ನುವ, ಸಣ್ಣ ಸಣ್ಣ ಹಾಸ್ಯ ಪ್ರಸಂಗಗಳ ಸ್ಕೆಚ್ ಶೋನಲ್ಲಿ ಬರೆದರು, ನಟಿಸಿದರು. ಅಲ್ಲೇ ಮೈಕಲ್ ರಿಚರ್ಡ್ಸ್ ಅನ್ನುವ ನಟ ಜೊತೆಯಾದದ್ದು. ಶೋ ನಿಂತಿತು. ಮತ್ತೆ ಕ್ಲಬ್ಬು, ಮತ್ತೆ ಮೈಕು. 1984-85ರಲ್ಲಿ 'ಸ್ಯಾಟರ್‌ಡೇ ನೈಟ್ ಲೈವ್'ಗೆ ಬರಹಗಾರರಾಗಿ ಸೇರಿದರು. ಅಮೆರಿಕದಲ್ಲಿ ಹಾಸ್ಯ ಬರೆಯುವವರಿಗೆ ಅದು ವಿಧಾನಸೌಧ ಇದ್ದ ಹಾಗೆ, ಒಳಗೆ ಹೋದರೆ ಊರಲ್ಲಿ ಮರ್ಯಾದೆ. ಇಡೀ ಸೀಸನ್ ಕೂತು ಬರೆದದ್ದರಲ್ಲಿ ಪ್ರಸಾರ ಆಗಿದ್ದು ಎಷ್ಟು? ಒಂದೇ ಒಂದು ಸ್ಕೆಚ್. ಅದೂ ರಾತ್ರಿ ಒಂದು ಗಂಟೆಗೆ ಮುಗಿಯುವ ಶೋನಲ್ಲಿ 12.50ಕ್ಕೆ, ನೋಡುಗರು ಅರ್ಧ ಮಲಗಿದ ಮೇಲೆ.

ಇಲ್ಲಿ ನಡೆದ ಒಂದು ಘಟನೆಯನ್ನ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇದರೊಳಗೇ ಇದೆ. ಪ್ರತಿ ವಾರ ತನ್ನ ಸ್ಕೆಚ್ ಕತ್ತರಿಸುತ್ತಿದ್ದಾರೆ ಅಂತ ಲ್ಯಾರಿಗೆ ರೋಸಿ ಹೋಗಿತ್ತು. ಒಂದು ಶನಿವಾರ ರಾತ್ರಿ, ಲೈವ್ ಶುರುವಾಗಲು ಇನ್ನೇನು ಐದು ನಿಮಿಷ ಇದೆ ಅನ್ನುವಾಗ, ಶೋನ ನಿರ್ಮಾಪಕ ಡಿಕ್ ಎಬರ್‌ಸೋಲ್ ಎದುರು ಹೋಗಿ, ಈ ಶೋ ಕೊಳೆತು ನಾರುತ್ತಿದೆ, ನಾನು ಬಿಟ್ಟೆ ಅಂತ ಬೈದು ಹೊರಟರು. ಹೊರಗೆ ಚಳಿ. ಮನೆ ಕಡೆ ನಡೆಯುತ್ತಾ ಹೋದಂತೆ ಕೋಪ ಇಳಿಯಿತು, ಲೆಕ್ಕ ಏರಿತು. ಉಳಿದ ವಾರಗಳ ಸಂಬಳ ಎಷ್ಟು ಹೋಯಿತು ಅಂತ ಬೆರಳು ಮಡಿಸುತ್ತಾ ಮನೆ ಸೇರಿದರು. ಇದ್ದದ್ದು ಮ್ಯಾನ್‌ಹಟನ್ ಪ್ಲಾಜಾ ಅನ್ನುವ ಕಟ್ಟಡದಲ್ಲಿ, ಕಲಾವಿದರಿಗೆ ಅಂತ ಸರ್ಕಾರದ ನೆರವಿನಲ್ಲಿ ಕಡಿಮೆ ಬಾಡಿಗೆಗೆ ಕೊಡುವ ಮನೆಗಳು. ಎದುರು ಬಾಗಿಲಿನವನ ಹೆಸರು ಕೆನ್ನಿ ಕ್ರೇಮರ್. ಅವನ ಹತ್ತಿರ ಗೋಳು ತೋಡಿಕೊಂಡಾಗ ಅವನು ಕೊಟ್ಟ ಸಲಹೆ ಇಷ್ಟೇ: ಸೋಮವಾರ ಏನೂ ಆಗದವನ ಥರ ಆಫೀಸಿಗೆ ಹೋಗಿ ಕೂತ್ಕೋ.

ಹೋಗಿ ಕೂತರು. ಮೀಟಿಂಗ್ ನಡೆಯಿತು. ಬೇರೆ ಬರಹಗಾರರು ಇವರನ್ನ ಒಂಥರಾ ನೋಡಿದರು, ಆದರೆ ಯಾರೂ ಏನೂ ಕೇಳಲಿಲ್ಲ. ಎಬರ್‌ಸೋಲ್ ಕೂಡ ಆ ಮಾತನ್ನೇ ಎತ್ತಲಿಲ್ಲ. ಕೆಲಸ ಉಳಿಯಿತು.

ಇದನ್ನೇ ಲ್ಯಾರಿ 1991ರಲ್ಲಿ 'ಸೈನ್‌ಫೆಲ್ಡ್'ನ ಒಂದು ಎಪಿಸೋಡಿಗೆ ಹಾಕಿದರು. ಜಾರ್ಜ್ ಅನ್ನುವ ಪಾತ್ರ ಬಾಸ್ ಜೊತೆ ಜಗಳ ಆಡಿ ಕೆಲಸ ಬಿಟ್ಟು, ಸೋಮವಾರ ಬಂದು ಏನೂ ಆಗದವನ ಥರ ಕೂರುತ್ತಾನೆ. ಎರಡೇ ಬದಲಾವಣೆ ನೋಡಿ. ಒಂದು, ಜಗಳದ ಕಾರಣ ದೊಡ್ಡ ಕಲೆಯ ವಿಷಯ ಅಲ್ಲ, ಬಾಸ್‌ನ ಪ್ರೈವೇಟ್ ಬಾತ್‌ರೂಮ್ ಬಳಸಲು ಬಿಡಲಿಲ್ಲ ಅನ್ನುವುದು. ಎರಡು, ಲ್ಯಾರಿಗೆ ಫಲಿಸಿದ ಉಪಾಯ ಜಾರ್ಜ್‌ಗೆ ಫಲಿಸುವುದಿಲ್ಲ, ಬಾಸ್ ಹೊರಗೆ ಹಾಕುತ್ತಾನೆ. ಕಾರಣವನ್ನ ಸಣ್ಣದು ಮಾಡಿದರು, ಶಿಕ್ಷೆಯನ್ನ ದೊಡ್ಡದು ಮಾಡಿದರು. ನನ್ನನ್ನ ಕೇಳಿದರೆ ಸ್ವಂತ ಅನುಭವವನ್ನ ಟಿವಿ ಕಾಮಿಡಿ ಮಾಡುವ ಇಡೀ ಕಸುಬು ಈ ಎರಡು ಬದಲಾವಣೆಯಲ್ಲಿದೆ. ಸ್ಟೇಜ್ ಮೇಲೆ ಇದೇ ಕಥೆ ಹೇಳಿದ್ದರೆ 'ನಾನು ಹೀಗೆ ಮಾಡಿದೆ, ತಪ್ಪಿಸಿಕೊಂಡೆ' ಅಂತ ಮುಗಿಯುತ್ತಿತ್ತು. ಟಿವಿಯಲ್ಲಿ ಅದು ಬೇರೆಯವನ ತಲೆಗೆ ಬಂತು, ಅವನನ್ನ ಎಷ್ಟು ಬೇಕಾದರೂ ಒದೆಯಬಹುದು.

'ಸೈನ್‌ಫೆಲ್ಡ್' ಶುರುವಾದದ್ದು ಹೇಗೆ ಅನ್ನುವುದು ಎಲ್ಲ ಕಡೆ ಸಿಗುತ್ತೆ, ಬೇಗ ಹೇಳಿ ಮುಗಿಸುತ್ತೇನೆ. 1988ರಲ್ಲಿ ಎನ್‌ಬಿಸಿ ಚಾನೆಲ್‌ನವರು ಜೆರ್ರಿಯನ್ನ ಕರೆದು ಏನಾದರೂ ಮಾಡೋಣ ಅಂದರು. ಜೆರ್ರಿ ಬಂದು ಲ್ಯಾರಿಗೆ ಹೇಳಿದರು. ಇಬ್ಬರೂ ರಾತ್ರಿ ಒಂದು ಕೊರಿಯನ್ ಅಂಗಡಿಯಲ್ಲಿ ನಿಂತು, ಶೆಲ್ಫಿನಲ್ಲಿದ್ದ ಸಾಮಾನುಗಳನ್ನ ಆಡಿಕೊಂಡು ನಗುತ್ತಿದ್ದರು. ಆಗ ಲ್ಯಾರಿ, ಶೋ ಅಂದರೆ ಇದೇ, ಇಬ್ಬರು ಹೀಗೆ ನಿಂತು ಹರಟೋದು ಅಂದರು. 1989ರ ಜುಲೈ 5ಕ್ಕೆ ಪೈಲಟ್, ಅಂದರೆ ಪರೀಕ್ಷೆಗೆ ಅಂತ ಮಾಡುವ ಮೊದಲ ಎಪಿಸೋಡ್, ಪ್ರಸಾರ ಆಯಿತು. ಪ್ರಸಾರಕ್ಕೆ ಮುಂಚೆ ಜನರಿಗೆ ತೋರಿಸಿ ಅಭಿಪ್ರಾಯ ಪಡೆದ ವರದಿಯಲ್ಲಿ ಬಂದ ತೀರ್ಪು 'ವೀಕ್'. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಉಳಿಸಿದ್ದು ರಿಕ್ ಲಡ್ವಿನ್ ಅನ್ನುವ ಅಧಿಕಾರಿ. ಅವರು ಕಾಮಿಡಿ ವಿಭಾಗದವರೂ ಅಲ್ಲ, ತಡರಾತ್ರಿ ಕಾರ್ಯಕ್ರಮ ಮತ್ತು ವಿಶೇಷ ಕಾರ್ಯಕ್ರಮಗಳನ್ನ ನೋಡಿಕೊಳ್ಳುವವರು. ತಮ್ಮ ಬಜೆಟ್ಟಿನಲ್ಲಿ ಬಾಬ್ ಹೋಪ್ ಅವರ ಒಂದು ವಿಶೇಷ ಕಾರ್ಯಕ್ರಮ ತೆಗೆದು, ಆ ಎರಡು ಗಂಟೆಯನ್ನ ಅರ್ಧರ್ಧ ಗಂಟೆಯ ನಾಲ್ಕು ಎಪಿಸೋಡಿಗೆ ಕೊಟ್ಟರು. ನಾಲ್ಕು! ನಮ್ಮಲ್ಲಿ ಒಂದು ಧಾರಾವಾಹಿಯ ನಿಶ್ಚಿತಾರ್ಥದ ಸೀನೇ ನಾಲ್ಕು ಎಪಿಸೋಡ್ ಓಡುತ್ತೆ.

ಪೈಲಟ್ ಬಂದಾಗ ಲ್ಯಾರಿಗೆ 42 ತುಂಬಿ ಮೂರು ದಿನ ಆಗಿತ್ತು. ನಿಮ್ಮ ಕೊನೆಯ ಪ್ರಶ್ನೆಗೆ ಇದಕ್ಕಿಂತ ಜಾಸ್ತಿ ಉತ್ತರ ಬೇಕಿಲ್ಲ ಅಂದುಕೊಳ್ಳುತ್ತೇನೆ.

ಈಗ ನಿಮ್ಮ ಜೋಕು ಹೇಳಿ ನಗಿಸುವ ಆ ಗೆಳೆಯನ ವಿಷಯಕ್ಕೆ ಬರೋಣ. ಜಾರ್ಜ್ ಪಾತ್ರ ಮಾಡಿದ ಜೇಸನ್ ಅಲೆಕ್ಸಾಂಡರ್ ನಾಟಕರಂಗದಿಂದ ಬಂದವರು. ಶುರುವಿನಲ್ಲಿ ಆ ಪಾತ್ರವನ್ನ ಬೇರೆ ಯಾರದೋ ಧಾಟಿಯಲ್ಲಿ ಮಾಡುತ್ತಿದ್ದರು. ಒಂದು ದಿನ ಸ್ಕ್ರಿಪ್ಟ್ ಓದಿ ಲ್ಯಾರಿ ಹತ್ತಿರ ಹೋಗಿ, ಇದು ಯಾರಿಗೂ ಆಗಲು ಸಾಧ್ಯವಿಲ್ಲ, ಒಂದು ವೇಳೆ ಆದರೂ ಯಾವ ಮನುಷ್ಯನೂ ಹೀಗೆ ನಡೆದುಕೊಳ್ಳುವುದಿಲ್ಲ ಅಂದರು. ಲ್ಯಾರಿ, ಇದು ನನಗೇ ಆಗಿದ್ದು, ನಾನು ಹೀಗೇ ನಡೆದುಕೊಂಡೆ ಅಂದರಂತೆ. ಆವತ್ತು ಅವರಿಗೆ ಹೊಳೆಯಿತು, ಜಾರ್ಜ್ ಅಂದರೆ ಎದುರಿಗೆ ನಿಂತಿರುವ ಈ ಮನುಷ್ಯನೇ. ಆಮೇಲೆ ಅವರು ಲ್ಯಾರಿಯನ್ನೇ ನೋಡಿ ನೋಡಿ ಪಾತ್ರ ಕಟ್ಟಿದರು. ಕ್ಲಬ್ಬಿನಲ್ಲಿ ಲ್ಯಾರಿ ಹೇಳಿದಾಗ ಬೆನ್ನು ತಿರುಗಿಸಿದ ಅದೇ ಮಾತು, ಅದೇ ಜನಕ್ಕೆ ಜೇಸನ್ ಬಾಯಲ್ಲಿ ಹಬ್ಬದೂಟ ಆಯಿತು. ಎದುರು ಮನೆಯ ಕೆನ್ನಿ ಕ್ರೇಮರ್ ಕೂಡ ಶೋ ಒಳಗೆ ಬಂದ, ಹೆಸರಿನ ಸಮೇತ. ಆ ಪಾತ್ರ ನಾನೇ ಮಾಡುತ್ತೇನೆ ಅಂತ ಅವನು ಹಟ ಹಿಡಿದಿದ್ದನಂತೆ, ಕೊಟ್ಟಿದ್ದು ಹಳೇ ಜೊತೆಗಾರ ಮೈಕಲ್ ರಿಚರ್ಡ್ಸ್‌ಗೆ. ಎಲೇನ್ ಪಾತ್ರಕ್ಕೆ ಬಂದ ಜೂಲಿಯಾ ಲೂಯಿ-ಡ್ರೈಫಸ್, 'ಸ್ಯಾಟರ್‌ಡೇ ನೈಟ್ ಲೈವ್'ನಲ್ಲಿ ಲ್ಯಾರಿ ಜೊತೆಗೇ ಬೇಜಾರಿನಲ್ಲಿ ದಿನ ದೂಡಿದವರು. ಸೋತ ಕಡೆಯಿಂದ ಒಬ್ಬೊಬ್ಬರನ್ನ ಎತ್ತಿಕೊಂಡು ಬಂದ ಹಾಗಿದೆ ಅಲ್ವಾ?

ನೀವು ಬರಹಗಾರ ಆಗುವ ಬಗ್ಗೆ ಮಾತ್ರ ಕೇಳಿದ್ದೀರಿ. ನಿರ್ಮಾಪಕ ಅನ್ನುವ ಅರ್ಧವನ್ನ ನಾನೇ ಸೇರಿಸುತ್ತೇನೆ, ಯಾಕಂದರೆ ಅದಿಲ್ಲದೆ ಲ್ಯಾರಿ ಕಥೆ ಅರ್ಥ ಆಗಲ್ಲ. ನಮ್ಮಲ್ಲಿ ನಿರ್ಮಾಪಕ ಅಂದರೆ ದುಡ್ಡು ಹಾಕುವವರು, ಚಾನೆಲ್ ಜೊತೆ ಮಾತಾಡುವವರು, ಶೂಟಿಂಗ್ ಮನೆಗೆ ಊಟ ಕಳಿಸುವವರು. ಅಮೆರಿಕದ ಟಿವಿಯಲ್ಲಿ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಅಂತ ಹೆಸರು ಬಂದವರಲ್ಲಿ ಒಬ್ಬರು ಸಾಮಾನ್ಯವಾಗಿ ಮುಖ್ಯ ಬರಹಗಾರರು. ಬರೆಯುವವರ ಸಂಬಳ, ಸ್ಥಾನ ಏರಿದ ಹಾಗೆ ಅವರ ಪದವಿಯ ಹೆಸರು ಸ್ಟೋರಿ ಎಡಿಟರ್, ಕೋ-ಪ್ರೊಡ್ಯೂಸರ್, ಪ್ರೊಡ್ಯೂಸರ್ ಅಂತ ಏರುತ್ತಾ ಹೋಗುತ್ತೆ. ಮೇಲೆ ಕೂತವರನ್ನ ಶೋರನ್ನರ್ ಅನ್ನುತ್ತಾರೆ. ನಟರನ್ನ ಆರಿಸೋದು, ಎಡಿಟಿಂಗ್‌ನಲ್ಲಿ ಕೂರೋದು, ಚಾನೆಲ್‌ಗೆ ಆಗಲ್ಲ ಅನ್ನೋದು, ಎಲ್ಲ ಅವರದೇ. ಅಂದರೆ ಅಲ್ಲಿ ಪೆನ್ನು ಹಿಡಿದವರ ಕೈಗೇ ಕೀಲಿಕೈ ಕೊಡುತ್ತಾರೆ.

ಆ ಕೀಲಿಕೈಯನ್ನ ಲ್ಯಾರಿ ಹೇಗೆ ಬಳಸಿದರು ಅಂದರೆ, 1991ರ 'ದಿ ಚೈನೀಸ್ ರೆಸ್ಟೋರೆಂಟ್' ಎಪಿಸೋಡ್. ಮೂರು ಜನ ಹೋಟೆಲ್ಲಿಗೆ ಹೋಗುತ್ತಾರೆ, ಟೇಬಲ್ ಖಾಲಿ ಇಲ್ಲ, ಐದು ಹತ್ತು ನಿಮಿಷ ಅಂತಾರೆ, ಕಾಯುತ್ತಾರೆ. ಇಡೀ ಎಪಿಸೋಡ್ ಇಷ್ಟೇ. ಸೆಟ್ ಬದಲಾಗುವುದಿಲ್ಲ, ಗಡಿಯಾರದ ಹೊತ್ತು ಹೋದಷ್ಟೇ ಹೊತ್ತು ಹೋಗುತ್ತೆ. ಚಾನೆಲ್‌ನವರು ಸ್ಕ್ರಿಪ್ಟ್ ನೋಡಿ, ಇದರಲ್ಲಿ ಕಥೆ ಎಲ್ಲಿ, ಪುಟ ಬಿಟ್ಟುಹೋಗಿದೆಯಾ ಅನ್ನೋ ಥರ ಕೇಳಿದರು. ಬದಲಾಯಿಸು ಅಂದರೆ ನಾನು ಬಿಟ್ಟು ಹೋಗುತ್ತೇನೆ ಅಂದರು ಲ್ಯಾರಿ. ಜೆರ್ರಿ ಅವರ ಬೆನ್ನಿಗೆ ನಿಂತರು. ಚಾನೆಲ್‌ನವರು ಒಪ್ಪದಿದ್ದರೂ ಬಿಟ್ಟುಕೊಟ್ಟರು, ಸೀಸನ್ ಕೊನೆಯ ಹೊತ್ತಿಗೆ ತಳ್ಳಿದರು. ಈಗ ಆ ಶೋನ ಅತ್ಯುತ್ತಮ ಎಪಿಸೋಡುಗಳ ಪಟ್ಟಿ ಯಾರೇ ಮಾಡಲಿ, ಅದು ಇದ್ದೇ ಇರುತ್ತೆ. ಗಮನಿಸಿ, ಕ್ಲಬ್ಬಿನಲ್ಲಿ 'ಬಿಡಿ, ಬೇಡ' ಅಂತ ಇಳಿದು ಹೋದದ್ದೂ ಈ ಸ್ವಭಾವವೇ. ಆ ಮೊಂಡುತನಕ್ಕೆ ಕ್ಲಬ್ಬಿನಲ್ಲಿ ಬಸ್ ಚಾರ್ಜ್ ಕೂಡ ಹುಟ್ಟಲಿಲ್ಲ, ಇಲ್ಲಿ ಶೋ ಉಳಿಯಿತು.

ನನ್ನದೂ ಒಂದು ಹೇಳಿಬಿಡಲಾ? ಕೆಲವು ವರ್ಷದ ಹಿಂದೆ ಒಂದು ವಾರದ ಕಾಮಿಡಿ ಶೋಗೆ ಬರೆಯುತ್ತಿದ್ದೆ, ಚಾನೆಲ್ ಹೆಸರು ಬೇಡ. ಗ್ಯಾಸ್ ಸಿಲಿಂಡರ್ ಬರುವುದನ್ನ ಕಾಯುತ್ತಾ ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ರಜೆ ಹಾಕಿ ಕೂತಿರುವ ಎಂಟು ನಿಮಿಷದ ಸ್ಕಿಟ್. ಸಿಲಿಂಡರ್ ಬರುವುದೇ ಇಲ್ಲ. ರಿಹರ್ಸಲ್ಲಿನಲ್ಲಿ ಲೈಟ್ ಬಾಯ್‌ಗಳು ನಕ್ಕಿದ್ದರು, ನನಗೆ ಅದೇ ಸರ್ಟಿಫಿಕೇಟ್. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. 'ಮೇಡಂ, ಚೆನ್ನಾಗಿದೆ, ಆದರೆ ಕೊನೆಗೆ ಅತ್ತೆ ಎಂಟ್ರಿ ಕೊಟ್ಟು ಸಿಲಿಂಡರ್ ತರಲಿ, ಒಂದು ಮೆಸೇಜ್ ಹಾಕಿ.' ವಾಟ್ಸಾಪ್‌ನಲ್ಲೇ ಟೈಪ್ ಮಾಡಿ ಕಳಿಸಿದೆ. ಅತ್ತೆ ಬಂದರು, ಸಿಲಿಂಡರ್ ಬಂತು, ಹೊಂದಿಕೊಂಡು ಬಾಳಬೇಕು ಅಂತ ಮೆಸೇಜೂ ಬಂತು. ನಗು ಮಾತ್ರ ಬರಲಿಲ್ಲ. ನಾನು ಬಿಟ್ಟು ಹೋಗುತ್ತೇನೆ ಅಂತ ಹೇಳಲಿಲ್ಲ, ಆ ತಿಂಗಳು ಮಗಳ ಸ್ಕೂಲ್ ಫೀಸು ಕಟ್ಟುವುದಿತ್ತು. ಹೇಳಿದ್ದರೂ ಸರಿ ಮೇಡಂ ಅಂತ ಫೋನ್ ಇಡುತ್ತಿದ್ದರು. ಲ್ಯಾರಿ ಹಟ ನಡೆದದ್ದು ಅವರ ಕೈಯಲ್ಲಿ ಕೀಲಿಕೈ ಇದ್ದದ್ದಕ್ಕೆ, ಪಕ್ಕದಲ್ಲಿ ಜೆರ್ರಿ ಇದ್ದದ್ದಕ್ಕೆ.

ಮೆಸೇಜ್ ಅಂದೆ ನೋಡಿ, 'ಸೈನ್‌ಫೆಲ್ಡ್' ಬರಹಗಾರರಿಗೆ ಲ್ಯಾರಿ ಹಾಕಿದ್ದ ಒಂದೇ ಕಟ್ಟಳೆ ಅದಕ್ಕೆ ತಿರುಗುಮುರುಗು. ಯಾರೂ ಯಾರನ್ನೂ ತಬ್ಬಿಕೊಳ್ಳಬಾರದು, ಯಾರೂ ಏನೂ ಕಲಿಯಬಾರದು. ಅಲ್ಲಿಯವರೆಗೆ ಅಮೆರಿಕದ ಕಾಮಿಡಿಗಳಲ್ಲೂ ಕೊನೆಯ ಎರಡು ನಿಮಿಷ ಸಣ್ಣ ಮ್ಯೂಸಿಕ್ ಹಾಕಿ, ಕಣ್ಣು ಒದ್ದೆ ಮಾಡಿ, ತಬ್ಬಿಕೊಂಡು ಮುಗಿಸುವ ಪದ್ಧತಿ ಇತ್ತು. ನಮ್ಮ ಅತ್ತೆಯ ಎಂಟ್ರಿಯ ಥರದ್ದೇ.

ಬರಹಗಾರರನ್ನ ನಡೆಸಿಕೊಂಡ ರೀತಿಯೂ ಬೇರೆ ಇತ್ತು. ಬೇರೆ ಶೋಗಳಲ್ಲಿ ಹತ್ತು ಜನ ಒಂದು ದೊಡ್ಡ ಟೇಬಲ್ ಸುತ್ತ ಕೂತು ಒಟ್ಟಿಗೆ ಜೋಕು ಹೊಸೆಯುತ್ತಾರೆ. ಇಲ್ಲಿ ಒಬ್ಬೊಬ್ಬರೇ ಲ್ಯಾರಿ, ಜೆರ್ರಿ ಕೂತಿದ್ದ ರೂಮಿಗೆ ಹೋಗಿ ತಮ್ಮ ಬದುಕಿನಲ್ಲಿ ನಡೆದದ್ದನ್ನ ಹೇಳಬೇಕು. ಜೋಕು ಬೇಡ, ನಡೆದದ್ದು ಬೇಕು. ಇಬ್ಬರಿಗೂ ಹಿಡಿಸಿದರೆ ಹೋಗಿ ಬರೀ ಅನ್ನುವುದು, ಬರೆದು ತಂದದ್ದನ್ನ ಇಬ್ಬರೂ ಕೂತು ಪೂರ್ತಿ ತಿದ್ದುವುದು. ಸೀಸನ್ ಮುಗಿದ ಮೇಲೆ ಎಷ್ಟೋ ಬರಹಗಾರರು ಬದಲಾಗುತ್ತಿದ್ದರು, ಯಾಕಂದರೆ ಅವರ ಬದುಕಿನ ಕಥೆ ಅಷ್ಟರಲ್ಲಿ ಖಾಲಿ. ಕ್ರೂರ ಪದ್ಧತಿ, ನಾನು ಆ ರೂಮಿನಲ್ಲಿ ಒಂದು ವಾರವೂ ಬಾಳುತ್ತಿರಲಿಲ್ಲ. ಆದರೆ ಆ ಶೋನಲ್ಲಿ ಯಾವ ವಿಷಯವೂ ಬೇರೆ ಟಿವಿ ಶೋ ನೋಡಿ ಹುಟ್ಟಿದ ಹಾಗೆ ಕಾಣದಿರಲು ಕಾರಣ ಇದೇ. ಲ್ಯಾರಿ ಸ್ವತಃ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಓಡಾಡುವವರು, ಎಲ್ಲಿ ಮುಜುಗರ ಆಯಿತೋ ಅಲ್ಲೇ ಒಂದು ಸಾಲು. 1992ರ 'ದಿ ಕಾಂಟೆಸ್ಟ್' ಅವರು ಗೆಳೆಯರ ಜೊತೆ ನಿಜವಾಗಿ ಕಟ್ಟಿದ ಒಂದು ಪೋಲಿ ಬಾಜಿ. ಪ್ರಸಾರದಲ್ಲಿ ಆ ವಿಷಯದ ಹೆಸರನ್ನೇ ಎತ್ತದೆ ಇಡೀ ಅರ್ಧ ಗಂಟೆ ಅದರ ಬಗ್ಗೆಯೇ ಮಾತಾಡಿಸಿದರು. ಮುಂದಿನ ವರ್ಷ ಅದಕ್ಕೆ ಅವರಿಗೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿ ಬರವಣಿಗೆಗೆ ಬಂತು, ಶೋಗೂ ಅತ್ಯುತ್ತಮ ಕಾಮಿಡಿ ಅಂತ ಎಮ್ಮಿ ಬಂತು.

ಇಷ್ಟಾದರೂ ಮನುಷ್ಯನಿಗೆ ಧೈರ್ಯ ಇರಲಿಲ್ಲ. ಇನ್ನಷ್ಟು ಎಪಿಸೋಡ್ ಬೇಕು ಅಂತ ಚಾನೆಲ್ ಹೇಳಿದಾಗಲೆಲ್ಲ, ನನ್ನ ಹತ್ತಿರ ಇದ್ದದ್ದೆಲ್ಲ ಖಾಲಿ ಆಯಿತು, ಇನ್ನು ಎಲ್ಲಿಂದ ತರಲಿ ಅಂತ ಗಾಬರಿ ಬೀಳುತ್ತಿದ್ದರು. ಏಳು ಸೀಸನ್ ಹಾಗೇ ಗಾಬರಿಯಲ್ಲೇ ನಡೆಸಿ 1996ರಲ್ಲಿ ಬಿಟ್ಟರು. ಹೊರಗೆ ಬಂದು ಒಂದು ಸಿನಿಮಾ ಬರೆದು ನಿರ್ದೇಶಿಸಿದರು, ಅದು ಮಕಾಡೆ ಮಲಗಿತು. 1998ರ ಮೇ 14ರ ಕೊನೆಯ ಎಪಿಸೋಡ್ ಬರೆಯಲು ಮಾತ್ರ ವಾಪಸ್ ಬಂದರು. ಅಮೆರಿಕದಲ್ಲಿ ಸುಮಾರು 7.6 ಕೋಟಿ ಜನ ನೋಡಿದರು, ಅದರಲ್ಲಿ ತುಂಬಾ ಜನ ಬೈದರು. ಒಂಬತ್ತು ವರ್ಷ ಸಣ್ಣತನ ಮಾಡಿದ ನಾಲ್ಕೂ ಜನರನ್ನ ಜೈಲಿಗೆ ಕಳಿಸಿ ಮುಗಿಸಿದ್ದರು. ಕೊನೆಯ ದಿನವೂ ಯಾರನ್ನೂ ತಬ್ಬಿಕೊಳ್ಳಲು ಬಿಡಲಿಲ್ಲ ಅಂತ ನನಗೆ ಅದು ಇಷ್ಟವೇ.

ಇನ್ನು ಮೂರನೇ ಅಂಗಡಿ. ನಿಮ್ಮ ಸ್ಟೇಜ್ ಪ್ರಶ್ನೆಗೆ ಇದು ಹತ್ತಿರದ್ದು. 1999ರಲ್ಲಿ ಎಚ್‌ಬಿಒ ಚಾನೆಲ್ಲಿನಲ್ಲಿ ಒಂದು ಗಂಟೆಯ ವಿಶೇಷ ಕಾರ್ಯಕ್ರಮ ಮಾಡಿದರು. ವಿಷಯ ಏನು? ಲ್ಯಾರಿ ಡೇವಿಡ್ ಅನ್ನುವವನು ವರ್ಷಗಳ ಮೇಲೆ ಮತ್ತೆ ಸ್ಟ್ಯಾಂಡ್-ಅಪ್‌ಗೆ ವಾಪಸ್ ಬರುತ್ತಾನೆ, ಕ್ಲಬ್ಬುಗಳಲ್ಲಿ ತಯಾರಿ ಮಾಡುತ್ತಾನೆ, ಕೊನೆಗೆ ಒಂದು ನೆಪ ಹೇಳಿ ಜಾರಿಕೊಳ್ಳುತ್ತಾನೆ. ಹಿಂದೆ ಕ್ಲಬ್ಬಿನಲ್ಲಿ ಇಳಿದು ಹೋದದ್ದನ್ನೇ ಕಥೆ ಮಾಡಿ ಮಾರಿದರು ನೋಡಿ! ಅದರ ಬೆನ್ನಿಗೇ 2000ದ ಅಕ್ಟೋಬರ್‌ನಲ್ಲಿ 'ಕರ್ಬ್ ಯುವರ್ ಎಂಥೂಸಿಯಾಸಮ್' ಶುರುವಾಯಿತು, 2024ರ ಏಪ್ರಿಲ್‌ವರೆಗೆ, ನಡುವೆ ವರ್ಷಗಟ್ಟಲೆ ಬಿಡುವು ಕೊಡುತ್ತಾ, 12 ಸೀಸನ್, 120 ಎಪಿಸೋಡ್. ಈ ಸಲ ಜೇಸನ್ ಬಾಯಿ ಬೇಡ, ತಾನೇ ಲ್ಯಾರಿಯಾಗಿ ನಿಂತರು. ಸ್ಟೇಜಿನಲ್ಲಿ ಓಡದ ಅದೇ ಮುಖ, ಅದೇ ಸಿಡುಕು. ಆದರೆ ಈಗ ಸುತ್ತ ಹೆಂಡತಿ, ಮ್ಯಾನೇಜರ್, ಮ್ಯಾನೇಜರ್ ಹೆಂಡತಿ ಎಲ್ಲ ಇದ್ದಾರೆ, ಅವರು ಎದುರು ನಿಂತು ಬೈಯುತ್ತಾರೆ. ಸ್ಟೇಜ್ ಮೇಲೆ ಬೈಯಲು ಯಾರೂ ಇರಲಿಲ್ಲ, ಆ ಕೆಲಸ ಪ್ರೇಕ್ಷಕರ ತಲೆಗೆ ಬೀಳುತ್ತಿತ್ತು. ಮ್ಯಾನೇಜರ್ ಹೆಂಡತಿಯ ಪಾತ್ರ ಮಾಡಿದ ಸೂಸಿ ಎಸ್ಮನ್ ಬೈಗುಳ ಶುರು ಮಾಡಿದರೆ ನಮಗೆ ಲ್ಯಾರಿ ಮೇಲೆ ಸ್ವಲ್ಪ ಪಾಪ ಅನ್ನಿಸುತ್ತೆ, ಪಾಪ ಅನ್ನಿಸಿದ ಮೇಲೆ ನಗು ಸುಲಭ.

ಬರೆಯುವ ರೀತಿಯೂ ಬದಲಾಯಿತು. ಸಂಭಾಷಣೆಯನ್ನೇ ಬರೆಯುತ್ತಿರಲಿಲ್ಲ. ಏಳೆಂಟು ಪುಟದ ಔಟ್‌ಲೈನ್, ಯಾವ ಸೀನಿನಲ್ಲಿ ಏನಾಗಬೇಕು ಅಂತ ಮಾತ್ರ. ಮಾತನ್ನ ನಟರು ಕ್ಯಾಮೆರಾ ಮುಂದೆ ಅಲ್ಲೇ ಹುಟ್ಟಿಸಬೇಕು. ನಮ್ಮ ಸೆಟ್ಟಿನಲ್ಲಿ ಒನ್‌ಲೈನ್ ಅಂತೀವಲ್ಲ, ಅದೇ, ಆದರೆ ಮಾತು ಬರೆದ ಸೀನ್ ಪೇಪರ್ ಇಲ್ಲ. ಇದು ನಮಗೆ ತೀರಾ ಹೊಸದೇನಲ್ಲ. ಮಾಸ್ಟರ್ ಹಿರಣ್ಣಯ್ಯನವರು ಆವತ್ತಿನ ಪೇಪರ್ ಸುದ್ದಿಯನ್ನ ಆವತ್ತಿನ ಆಟದಲ್ಲೇ ಎಳೆದು ತರುತ್ತಿದ್ದದ್ದನ್ನ ಕಂಡವರಿಗೆ, ಕಟ್ಟು ಗಟ್ಟಿ ಇದ್ದರೆ ಮಾತು ತಾನಾಗಿ ಬರುತ್ತೆ ಅನ್ನುವುದು ಗೊತ್ತು. ಲ್ಯಾರಿ ಬಿಗಿ ಮಾಡಿದ್ದೂ ಕಟ್ಟನ್ನೇ. ಮೊದಲ ಸೀನಿನಲ್ಲಿ ಸುಮ್ನೆ ಕಂಡ ಒಂದು ವಸ್ತು, ಐದನೇ ಸೀನಿನ ಒಂದು ಸುಳ್ಳು, ಎರಡೂ ಕೊನೆಯ ಸೀನಿನಲ್ಲಿ ಬಂದು ಅವರ ತಲೆ ಮೇಲೆ ಬೀಳುತ್ತವೆ.

ಈಗ ನಿಮ್ಮ ಅವಕಾಶಕ್ಕೆ ಬರೋಣ. ಯಾವ ಶೋ ಅಂತ ನೀವು ಬರೆದಿಲ್ಲ. ವಾರದ ಕಾಮಿಡಿ ಶೋ ಆಗಿದ್ದರೆ ಕಣ್ಣು ಮುಚ್ಚಿ ಹೋಗಿ, ಬೇರೆಯವರ ಬಾಯಿಗೆ ಬರೆಯುವ ಅಭ್ಯಾಸ ಅಷ್ಟು ಬೇಗ ಬೇರೆಲ್ಲೂ ಆಗಲ್ಲ. ಬುಧವಾರ ಬರೆದದ್ದನ್ನ ಶುಕ್ರವಾರ ಯಾರೋ ಹೇಳುತ್ತಾರೆ, ಎಲ್ಲಿ ನಗು ಸತ್ತಿತು ಅಂತ ಕಣ್ಣಾರೆ ಕಾಣುತ್ತೆ. ದಿನದ ಧಾರಾವಾಹಿ ಆಗಿದ್ದರೆ ಸ್ವಲ್ಪ ಯೋಚನೆ ಮಾಡಿ. ಅಲ್ಲಿ ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ನಿಮಗೆ ಸಿಗುವುದು ಸಂಭಾಷಣೆ ಮಾತ್ರ, ಅದೂ ಮೊದಲೇ ಶೂಟ್ ಮಾಡಿಟ್ಟ ಎಪಿಸೋಡುಗಳ ಬ್ಯಾಂಕ್ ಖಾಲಿ ಆದ ದಿನ ಸೆಟ್ಟಿನಿಂದ ಗಂಟೆಗೊಂದು ಫೋನ್. ಆಫೀಸ್ ಕೆಲಸ ಇಟ್ಟುಕೊಂಡು ಇದನ್ನ ಮಾಡುವುದು ಕಷ್ಟ. ಎರಡರಲ್ಲಿ ಯಾವುದೇ ಆದರೂ ಒಪ್ಪಿಕೊಳ್ಳುವ ಮೊದಲು ಮೂರು ವಿಷಯ ಬರವಣಿಗೆಯಲ್ಲಿ ತಗೊಳ್ಳಿ: ಟೈಟಲ್ ಕಾರ್ಡಿನಲ್ಲಿ ಹೆಸರು ಬರುತ್ತಾ, ಎಪಿಸೋಡಿಗೆ ಎಷ್ಟು, ಎಷ್ಟು ದಿನಕ್ಕೆ ಕೊಡುತ್ತಾರೆ. ಬಾಯಿಮಾತು ನಂಬಿ ನಾನು ಆರು ತಿಂಗಳ ದುಡ್ಡು ಕಳೆದುಕೊಂಡಿದ್ದೇನೆ. ನಿಮ್ಮದೇ ಆದ ಸಿಟ್‌ಕಾಮ್, ಅಂದರೆ ಕಾಮಿಡಿ ಧಾರಾವಾಹಿಯ ಐಡಿಯಾ ಇದ್ದರೆ ಯಾರಿಗೂ ಹೇಳುವ ಮುಂಚೆ ಬರೆದು, ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಸದಸ್ಯರಾಗಿ ರಿಜಿಸ್ಟರ್ ಮಾಡಿಸಿ, ಆನ್‌ಲೈನಿನಲ್ಲೇ ಆಗುತ್ತೆ.

ಸ್ಟೇಜ್ ಬಿಡಬೇಕಾಗಿಲ್ಲ. ತಿಂಗಳಿಗೆ ಎರಡು ಸಲ ಓಪನ್ ಮೈಕ್‌ಗೆ ಹೋಗಿ, ನಗು ಬಾರದಿದ್ದರೂ ಹೋಗಿ, ಅಲ್ಲಿನ ಮುಜುಗರವೇ ನಿಮಗೆ ಮಾಲು. ಸೋತ ಹಾಗಾ ಅಂತ ಕೇಳಿದಿರಿ. ಸ್ಟೇಜ್ ಮೇಲೆ ಲ್ಯಾರಿ ಸೋತದ್ದು ನಿಜ, ಅದನ್ನ ಅವರು ಯಾವತ್ತೂ ಮುಚ್ಚಿಡಲಿಲ್ಲ, ನೀವೂ ಮುಚ್ಚಿಡಬೇಡಿ. ಆ ಗೆಳೆಯನಿಗೆ ಮಾತ್ರ ಒಂದು ಕಾಫಿ ಕುಡಿಸಿ, ಅವನಿಗೆ ಅಂತಲೇ ಒಂದು ಪಾತ್ರ ಬರೆಯಲು ಕೂತ್ಕೊಳ್ಳಿ.

ಅದಕ್ಕೂ ಮುಂಚೆ ಈ ಭಾನುವಾರ ಒಂದು ಹೋಂವರ್ಕ್. 'ದಿ ಚೈನೀಸ್ ರೆಸ್ಟೋರೆಂಟ್' ಹಾಕಿಕೊಂಡು, ಕೈಯಲ್ಲಿ ಪೇಪರ್ ಹಿಡಿದು ಕೂರಿ. ಜಾರ್ಜ್ ಒಂದು ಫೋನ್ ಮಾಡಲು ಒದ್ದಾಡುತ್ತಾನೆ, ಪಬ್ಲಿಕ್ ಫೋನ್ ಹಿಡಿದವನು ಬಿಡುವುದಿಲ್ಲ. ಅವನ ಒಂದೊಂದು ಮಾತನ್ನೂ ಬರೆದುಕೊಳ್ಳಿ. ಆಮೇಲೆ ಅದನ್ನೆಲ್ಲ ಒಬ್ಬನೇ ಮೈಕ್ ಹಿಡಿದು ಹೇಳುವವನ ಥರ ಜೋರಾಗಿ ಓದಿ, ನಂತರ ಗೆಳೆಯನ ಕೈಗೆ ಕೊಟ್ಟು ಫೋನ್ ಬೂತ್ ಎದುರು ನಿಂತವನ ಥರ ಓದಿಸಿ. ಎರಡನ್ನೂ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ನನಗೆ ಕಳಿಸಿ, ಕೇಳಿ ಹೇಳುತ್ತೇನೆ.